ನೀರು ಕೊಡುವ ಮರ, ಬೀಗರ ಮೀಸೆ

ನನ್ನ ಬಾಮೈದ ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಬಾಗೂರಿನ ಕೆರೆಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಎಂದೂ ಇಳಿಯದ ಹುಡುಗ ಸಮುದ್ರಕ್ಕೆ ಹೋದದ್ದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದೆ. "ಈಜು ಬರೋರು ಕಷ್ಟ ಬಂದ್ರೆ ನೀರಿಗೆ ಹಾರ್ತಾರೆ ಭಾವ. ಬರದಿದ್ದೋರೇ ಹಡಗನ್ನ ಜೋಪಾನವಾಗಿ ನೋಡ್ಕಳಾದು" ಎಂದ. ವಾದದಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ.

ನಿವೃತ್ತನಾಗಿ ಬಂದ ಮೇಲೆ ಅವನು ಮಾರಿಕಣಿವೆಯ ಹಿನ್ನೀರಿನ ಪಕ್ಕದ ದಿಬ್ಬದ ಮೇಲೆ ಸ್ವಲ್ಪ ಜಮೀನು ಕೊಂಡು, ಒಂದು ಹುಣಸೆಮರದ ಹತ್ತಿರ ಸಣ್ಣ ಮನೆ ಕಟ್ಟಿಸಿದ. ಕಣ್ಣಿಗೆ ನೀರು ಕಾಣದಿದ್ದರೆ ನಿದ್ದೆ ಬರುವುದಿಲ್ಲವಂತೆ. ನೀರೇನೋ ಕಂಡಿತು, ನಿದ್ದೆಯೂ ಬಂತು. ಆದರೆ ಹಗಲಿನಲ್ಲಿ ಬೇರೊಂದು ತೊಂದರೆ ಶುರುವಾಯಿತು. ಅವನು ಹೇಳುವ ಯಾವುದನ್ನೂ ಯಾರೂ ನಂಬುತ್ತಿರಲಿಲ್ಲ.

ಮೂವತ್ತು ವರ್ಷ ಉಪ್ಪುನೀರಿನ ಮೇಲೆ ಕಳೆದವನ ಬಾಯಲ್ಲಿ ಹಡಗಿನ ಮಾತಲ್ಲದೆ ಇನ್ನೇನು ಬರಬೇಕು? ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕೂತು, ಮೂಡಣ ಸಮುದ್ರದ ಒಂದು ಗೆರೆ ದಾಟಿದರೆ ತಾರೀಖು ಬದಲಾಗುತ್ತದೆ, ಈ ಕಡೆಯಿಂದ ಆ ಕಡೆ ಹೋದರೆ ಒಂದೇ ವಾರದಲ್ಲಿ ಎರಡು ಮಂಗಳವಾರ ಬರುತ್ತವೆ ಎಂದ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಹಂಗಾರೆ ಆ ವಾರ ಸಂತೇನೂ ಎರಡು ಸಲವಾ?" ಎಂದರು. ಮನೆಯಷ್ಟು ದೊಡ್ಡ ಮೀನು ಉಸಿರು ಬಿಟ್ಟರೆ ಕಾರಂಜಿ ಏಳುತ್ತದೆ ಎಂದ. "ಸಾರಿಗೆ ಎಷ್ಟು ಹುಳಿ ಹಾಕ್ತಿದ್ರಿ?" ಎಂದರು. ಊರಿನಲ್ಲಿ ಯಾರಾದರೂ ದೊಡ್ಡ ಸುಳ್ಳು ಹೇಳಿದರೆ ಅದಕ್ಕೆ 'ಹಡಗು' ಎಂದೇ ಹೆಸರಾಯಿತು. "ಲೇ, ಹಡಗು ಬಿಡಬ್ಯಾಡ ಸುಮ್ಕಿರು" ಎಂದು ಪರಿಚಯವೇ ಇಲ್ಲದ ಮಕ್ಕಳೂ ಬೈದಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದವನು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಎಂದು ತಿರುಗಿ ಹೊಸದುರ್ಗದಲ್ಲಿ ನಿವೃತ್ತನಾದೆ. ತೀರ್ಪು ಕೊಟ್ಟವರು ಬೇರೆಯವರು, ಅದನ್ನು ಗಂಟು ಕಟ್ಟಿ ಕಪಾಟಿನಲ್ಲಿ ಇಟ್ಟವನು ಮಾತ್ರ ನಾನು. ಆದರೂ ನಮ್ಮ ಬಳಗದಲ್ಲಿ ಸೌಟು ಕಳೆದರೂ ಸರಿ, ಸಂಬಂಧ ಮುರಿದರೂ ಸರಿ, ಅಹವಾಲು ನನ್ನ ಮುಂದೆ ಬರುತ್ತದೆ. ನಾನು ಕನ್ನಡಕ ಹಾಕಿಕೊಂಡು ಉಭಯ ಪಕ್ಷಗಳನ್ನೂ ವಿಚಾರಿಸುತ್ತೇನೆ. ಆಮೇಲೆ ನನ್ನ ಹೆಂಡತಿ ಒಳಗಿನಿಂದ ತೀರ್ಪು ಕೊಡುತ್ತಾಳೆ. ಈ ವ್ಯವಸ್ಥೆ ಬಹಳ ವರ್ಷಗಳಿಂದ ಮೇಲ್ಮನವಿಯಿಲ್ಲದೆ ನಡೆದುಕೊಂಡು ಬಂದಿದೆ.

ಈಗ ಮರದ ವಿಚಾರ.

ಬಾಮೈದನ ಹಡಗು ಒಮ್ಮೆ ರಿಪೇರಿಗೆಂದು ಕ್ಯಾನರಿ ದ್ವೀಪಗಳ ಒಂದು ಬಂದರಿನಲ್ಲಿ ನಿಂತಿತ್ತಂತೆ. ಬಂದರಿನ ಕಾವಲುಗಾರನೊಬ್ಬ ಇವನ ಕೈಯ ಸಾರು ಉಂಡು, ಅದರ ಋಣಕ್ಕೆ ಇವನನ್ನು ತನ್ನ ಊರಾದ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದ. ಆ ದ್ವೀಪದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ಆದರೆ ಗುಡ್ಡದ ಮೇಲೆ ವರ್ಷವಿಡೀ ಹಸಿರಾಗಿರುವ ಕಾಡಿದೆ. ದಾಲ್ಚಿನ್ನಿ, ಬೆಣ್ಣೆಹಣ್ಣುಗಳ ಬಳಗಕ್ಕೆ ಸೇರಿದ ಒಂದು ಮರ ಅಲ್ಲಿದೆ. ಎಲೆ ದಪ್ಪ, ಎಣ್ಣೆ ಸವರಿದಂತೆ ಮಿರಿಮಿರಿ. ಸಮುದ್ರದ ಕಡೆಯಿಂದ ಮಂಜು ಬಂದು ಆ ಎಲೆಗಳಿಗೆ ತಾಗಿದರೆ ನೀರಾಗಿ ತೊಟ್ಟಿಕ್ಕುತ್ತದೆ. ಹಿಂದೊಂದು ಕಾಲದಲ್ಲಿ ಅಂಥದೇ ಒಂದು ದೊಡ್ಡ ಮರ ಇಡೀ ದ್ವೀಪದ ಜನಕ್ಕೆ ನೀರು ಕೊಡುತ್ತಿತ್ತು. ಬುಡದ ಬಂಡೆಯಲ್ಲಿ ಗುಂಡಿ ತೋಡಿ ಹಿಡಿಯುತ್ತಿದ್ದರು. ಅದು ಬಿರುಗಾಳಿಗೆ ಬಿದ್ದು ಶತಮಾನಗಳೇ ಆದವು. ಅದೇ ಜಾಗದಲ್ಲಿ ಅದೇ ಜಾತಿಯ ಇನ್ನೊಂದನ್ನು ನೆಟ್ಟಿದ್ದಾರೆ, ಅದೂ ಈಗ ತೊಟ್ಟಿಕ್ಕುತ್ತಿದೆ. ಇಷ್ಟು ಬಾಮೈದನ ಹೇಳಿಕೆ. ಅವನು ಆ ಮರದ ಕೆಳಗೆ ನಿಂತು ಬೊಗಸೆ ಒಡ್ಡಿ ಕುಡಿದು ಬಂದವನು.

ಕಾವಲುಗಾರನ ತಂಗಿಯ ಹಿತ್ತಲಲ್ಲಿ ಇದೇ ಮರವಿತ್ತು. ಕೆಳಗೆ ಬಿದ್ದ ಒಂದು ಹಿಡಿ ಕಾಯಿಗಳನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಉಪ್ಪಿನಕಾಯಿ ಬಾಟಲಿಯಲ್ಲಿಟ್ಟು ಇವನು ಊರಿಗೆ ತಂದ. ಹಾಗೆ ತರಲು ಕಾನೂನಿನಲ್ಲಿ ಅವಕಾಶವಿದೆಯೇ ಎಂಬ ಪ್ರಶ್ನೆ ನನ್ನ ಮುಂದೆ ಬಂದದ್ದು ನಾನು ನಿವೃತ್ತನಾದ ಮೇಲೆ. ಆದ್ದರಿಂದ ಉತ್ತರಿಸುವ ಅಧಿಕಾರ ನನಗಿರಲಿಲ್ಲ. ನನ್ನ ಹೆಂಡತಿ ಕಾಯಿಗಳನ್ನು ಹಾಲಿನ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ಊರಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೆರಳಲ್ಲಿಟ್ಟಳು. ಕೆಲವು ಕೊಳೆತವು. ಕೆಲವನ್ನು ಅಳಿಲು ತಿಂದು ಪಶ್ಚಾತ್ತಾಪಪಟ್ಟಿತು. ಒಂದೇ ಒಂದು ಮೊಳೆಯಿತು. ಅವಳು ಅದಕ್ಕೆ ಅಕ್ಕಿ ತೊಳೆದ ನೀರು ಹಾಕಿ, ನಮ್ಮ ಮಕ್ಕಳಿಗೂ ಬಳಸದ ದನಿಯಲ್ಲಿ ಮಾತಾಡಿಸಿ, ಗೇಣುದ್ದ ಮಾಡಿದಳು.

ಹೀಗಿರುವಾಗ ಬಾಮೈದನ ಮೊಮ್ಮಗನ ಜವಳ ಬಂತು. ಬಾಮೈದನ ಮಗಳನ್ನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಕೊಟ್ಟಿದೆ. ಅವಳ ಮಾವ, ಅಂದರೆ ನಮ್ಮ ಬೀಗರು, ಕುರಿಮಂದೆ ಇರುವವರು. ಎತ್ತರದ ಆಳು, ಬಿಳಿ ರುಮಾಲು, ಹೆಗಲ ಮೇಲೆ ಕರೀ ಕಂಬಳಿ. ರುಮಾಲಿನ ಕೆಳಗೆ ಒಂದು ಕೂದಲೂ ಇಲ್ಲ. ಅಲ್ಲಿ ಬೆಳೆಯಬೇಕಾದದ್ದೆಲ್ಲ ಇಳಿದು ಬಂದು ಮೀಸೆಯಾಗಿತ್ತು. ಆ ಮೀಸೆಯನ್ನು ಅವರು ದಿನಾ ಬೆಣ್ಣೆ ಹಚ್ಚಿ ತಿರುವುತ್ತಿದ್ದರು. ಮಾತಾಡುವಾಗ ಮೊದಲು ಮೀಸೆ ಅಲುಗುತ್ತಿತ್ತು, ಆಮೇಲೆ ಮಾತು ಬರುತ್ತಿತ್ತು.

ಮನೆದೇವರ ಗುಡಿಯ ಮುಂದೆ ಮಗು ಕಿರುಚುತ್ತಾ ತಲೆ ಬೋಳಿಸಿಕೊಳ್ಳುತ್ತಿತ್ತು. ಬೀಗರ ತಾಯಿ, ಬೆನ್ನು ಬಾಗಿದ್ದರೂ ಬಾಯಿ ಬಾಗದ ಮುದುಕಿ, ಅದರ ಕೈಗೆ ಬೆಲ್ಲ ಕೊಡುತ್ತಾ ಕೂತಿದ್ದರು. ಆ ಗಲಾಟೆಯಲ್ಲಿ ಬಾಮೈದ ನೀರು ಕೊಡುವ ಮರದ ಕತೆ ಎತ್ತಿದ. ಬೀಗರ ಮೀಸೆ ಅಲುಗಿತು.

"ಏನ್ ಬೀಗ್ರೆ, ಮರ ನೀರು ಕುಡಿಯಾದು ನೋಡೀವಿ. ಕೊಡಾದು ನಿಮ್ಮ ಹಡಗಿನಾಗೇ ಸೈ."

"ನಾನೇ ಕುಡಿದೀನಿ ಬೀಗ್ರೆ. ಮಂಜು ಬಂದ್ರೆ ಸಾಕು."

"ಚಿತ್ರದುರ್ಗದ ಜೋಗಿಮಟ್ಟೀಗೆ ಮಂಜು ಬರಲ್ವಾ? ಅಲ್ಲೆಷ್ಟು ಮರ ಅವೆ! ಯಾವುದಾದ್ರೂ ಒಂದು ಚೊಂಬು ನೀರು ಕೊಟ್ಟೈತಾ?"

"ಅವುಗಳ ಬುಡದಾಗೆ ನೀವು ಚೊಂಬು ಇಟ್ಟು ನೋಡೀರಾ?"

ಜನ ನಕ್ಕರು. ಆ ನಗು ತಮ್ಮ ಕಡೆ ತಿರುಗಿದ್ದು ಬೀಗರಿಗೆ ಹಿಡಿಸಲಿಲ್ಲ. ಅವರು ಎದ್ದು ನಿಂತು, ಮನೆದೇವರ ಎದುರಿಗೆ, ಪಂಥ ಕಟ್ಟಿದರು. ಗಿಡ ತಮ್ಮಷ್ಟು ಎತ್ತರ ಆಗಲಿ. ಆ ವರ್ಷದ ಚಳಿಗಾಲದಲ್ಲಿ ಮಳೆಯಿಲ್ಲದ ದಿನ, ಯಾರೂ ನೀರು ಹಾಕದೆ, ಅದರ ಬುಡದಲ್ಲಿಟ್ಟ ಬೋಗುಣಿಯಲ್ಲಿ ಬೆಳಗ್ಗೆ ಒಂದು ಗುಟುಕು ನೀರು ಸಿಕ್ಕರೆ ತಾವು ಮೀಸೆ ಬೋಳಿಸುವುದು.

"ಸಿಗದಿದ್ರೆ?" ಎಂದ ಬಾಮೈದ.

"ಸಿಗದಿದ್ರೆ ನೀವು ಇನ್ಮೇಲೆ ಹಡಗಿನ ಮಾತು ಆಡಂಗಿಲ್ಲ. ಒಂದು ಮಾತೂನೂ. ಸಾಯೋವರ್ಗೂ."

ಬಾಮೈದ "ಆಗ್ಲಿ" ಎಂದ. ಕ್ಷೌರ ಮಾಡುತ್ತಿದ್ದಾತ ಮಗುವಿನ ತಲೆ ಮುಗಿಸಿ, ಕತ್ತಿ ಒರೆಸಿಕೊಳ್ಳುತ್ತಾ, "ಹೆಂಗೂ ಬಂದೀನಿ, ಈಗ್ಲೇ ಮುಂಗಡವಾಗಿ ಅರ್ಧ ತೆಗೀಲಾ ಯಜಮಾನ್ರೆ?" ಎಂದ. ಬೀಗರು ಮೀಸೆಯ ಮೇಲೆ ಅಂಗೈ ಮುಚ್ಚಿಕೊಂಡರು.

ಗಿಡ ಬೆಳೆಯುವವರೆಗೆ ಪ್ರಕರಣಕ್ಕೆ ವಾಯಿದೆ ಹಾಕಲಾಯಿತು.

ಗಿಡವನ್ನು ಹಿನ್ನೀರಿನ ದಿಬ್ಬದಲ್ಲಿ, ನಡುಹಗಲಿನ ಬಿಸಿಲಿಗೆ ಹುಣಸೆಯ ನೆರಳು ಬೀಳುವ ಕಡೆ, ನೀರಿನ ಮೇಲಿನ ಗಾಳಿ ನೇರವಾಗಿ ಬರುವಂತೆ ನೆಟ್ಟೆವು. ಬೇಸಿಗೆಗಳು ಬಂದು ಹೋದವು. ಬಾಮೈದ ಬುಡಕ್ಕೆ ರಾಗಿಹುಲ್ಲು ಹೊದಿಸಿ, ಹನಿ ನೀರಿನ ಪೈಪು ಬಿಟ್ಟು, ಸುಡುಬಿಸಿಲಲ್ಲಿ ಗಿಡದ ಮೇಲೆ ಒದ್ದೆ ಗೋಣಿಚೀಲದ ಚಪ್ಪರ ಕಟ್ಟಿ ಕಾಪಾಡಿದ. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ನಮ್ಮ ಸೆಕೆಗೂ ತಮಗೂ ಸಂಬಂಧವಿಲ್ಲವೆಂಬಂತೆ ತಿರುಗುತ್ತಿದ್ದವು. ಬೀಗರು ಬಂದಾಗಲೆಲ್ಲ ಗಿಡದ ಪಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದರು. ನಾನು ಅಳೆಯುತ್ತಿದ್ದೆ. ಅವರು ಅಂಗಾಲಿನ ಮೇಲೆ ನಿಲ್ಲುವುದನ್ನು ಬಿಟ್ಟು ತುದಿಗಾಲಲ್ಲಿ ನಿಂತ ವರ್ಷವೇ ಗಿಡ ಗೆಲ್ಲುತ್ತಿದೆ ಎಂದು ನನಗೆ ಗೊತ್ತಾಯಿತು.

ಒಂದು ಸಲ ಅವರ ಜೊತೆಗೆ ಬಂದ ಹೋತವೊಂದು ಬೇಲಿ ಹಾರಿ ಗಿಡದ ಒಂದು ಕೊಂಬೆ ಮುರಿಯಿತು. ಹಸಿಕಟ್ಟಿಗೆಯಿಂದ ಎದ್ದ ನಾತಕ್ಕೆ ಹೋತವೇ ಸೀನಿ ಹಿಂದೆ ಸರಿಯಿತು. ಈ ಮರದ ಜಾತಿಗೇ ಆ ಗುಣವಂತೆ. ಕಡಿದರೆ ಕೆಟ್ಟ ವಾಸನೆ. "ಹೋತಾನೇ ಮೂಗು ಮುಚ್ಕಂತು ಅಂದ್ರೆ ಈ ಗಿಡ ಸಾಮಾನ್ಯದ್ದಲ್ಲ ಬೀಗ್ರೆ" ಎಂದು ಬೀಗರು ಮೊದಲ ಬಾರಿಗೆ ಅದನ್ನು ಗೌರವದಿಂದ ನೋಡಿದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಬೀಗರ ರುಮಾಲನ್ನೂ ದಾಟಿತು. ಅವರು ರುಮಾಲು ಲೆಕ್ಕಕ್ಕಿಲ್ಲ ಎನ್ನುವಂತಿರಲಿಲ್ಲ, ಏಕೆಂದರೆ ಅಷ್ಟು ದಿನ ಅದನ್ನು ಸೇರಿಸಿ ಅಳೆಸಿಕೊಂಡವರು ಅವರೇ. ಚಳಿಗಾಲಕ್ಕೆ ವಿಚಾರಣೆ ನಿಗದಿಯಾಯಿತು.

ಆ ವಾರ ಬಾಮೈದ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಅಕ್ಕನ ಎದುರು ಕೂತ. ಎಂದೂ ಸುಮ್ಮನಿರದವನು ಈರುಳ್ಳಿ ಹೆಚ್ಚುತ್ತಾ ಸುಮ್ಮನಿದ್ದ.

"ಏನೋ, ಹಿಂಗ್ಯಾಕಿದ್ದೀಯ?" ಎಂದಳು ಅಕ್ಕ.

"ಸೋತ್ರೆ ಏನು ಮಾತಾಡ್ಲಿ ಅಂತ ಯೋಚ್ನೆ ಮಾಡ್ತಿದ್ದೆ ಅಕ್ಕ."

"ಎಲ್ರೂ ಆಡೋದನ್ನ ಆಡು. ಮಳೆ, ಬೆಳೆ, ಓಟು."

"ಎಲ್ರೂ ಹಳೇದು ತೆಗೀತಾರೆ. ಆ ಮದುವೆ, ಈ ಜಗಳ, ಕೆರೆ ಕೋಡಿ ಬಿದ್ದ ವರ್ಷ. ಆಗ ನಾನಿಲ್ಲಿ ಇರ್ಲೇ ಇಲ್ವಲ್ಲ. ನಂಗೆ ಗೊತ್ತಿರೋದು ಹಡಗೊಂದೇ. ಅದನ್ನೂ ಬಿಡು ಅಂದ್ರೆ ಬಾಯಿ ಯಾಕಿರಬೇಕು?"

ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿಯೂ ಇತ್ತು. ಯಾವುದು ಯಾವುದರದ್ದು ಎಂದು ವಿಚಾರಣೆ ಮಾಡದೆ ನಾನು ಹೊರಗೆ ಬಂದೆ.

ಬೀಗರು ತಾಳ್ಯದಿಂದ ಬಂದು ಬಾಮೈದನ ಮನೆಯಲ್ಲೇ ಇಳಿದುಕೊಂಡರು. ಎದುರು ಪಕ್ಷದವರು ಒಂದೇ ಮನೆಯಲ್ಲಿ ಒಂದೇ ತಪ್ಪಲೆಯ ಸಾರು ಉಂಡು ಮರುದಿನ ಹೋರಾಡುವುದು ನಮ್ಮ ಕಡೆ ಹೊಸದಲ್ಲ. ನಾವು ಗಂಡಹೆಂಡಿರೂ ಹೋಗಿ ಉಳಿದುಕೊಂಡೆವು. ಸಂಜೆ ಎಲ್ಲರೆದುರು ಗಿಡದ ಬುಡ ಗುಡಿಸಿ, ಹನಿ ಪೈಪು ಬಿಚ್ಚಿಟ್ಟು, ಒಣಗಿದ ಬೋಗುಣಿ ಇಟ್ಟು ಬಂದೆವು.

ಬೆಳಗ್ಗೆ ಎದ್ದರೆ ಹಿನ್ನೀರಿನಿಂದ ಮಂಜೆದ್ದು ದಿಬ್ಬವನ್ನೇ ಮುಚ್ಚಿತ್ತು. ಬಾಮೈದ ಕೈಮುಗಿದು ಹೊರಟ. ಮಸುಕಿನಲ್ಲಿ ಹುಣಸೆಯ ಆಚೆ ಕಂಬಳಿ ಕೊಪ್ಪೆ ಹಾಕಿಕೊಂಡು ಯಾರೋ ನಿಂತದ್ದು ಕಾಣಿಸಿತು.

"ಪಾಪ, ಬೀಗ್ರು ಎಷ್ಟು ಹೊತ್ತಿಗೆ ಬಂದು ನಿಂತವ್ರೋ" ಎಂದು ನನ್ನ ಹೆಂಡತಿ ಸೆರಗು ಸರಿಪಡಿಸಿಕೊಂಡು, "ಚಳೀಲಿ ಯಾಕೆ ನಿಂತೀರಿ, ಒಳಗೆ ಕಾಫಿ ಕೊಡ್ತಿದ್ದೆನಲ್ಲ" ಎಂದಳು.

"ನಾನಿಲ್ಲಿದ್ದೀನಿ ತಾಯೀ" ಎಂದು ಬೀಗರು ಹಿಂದಿನಿಂದ ಸೀನಿದರು.

ಕಂಬಳಿ ಹೊದ್ದು ನಿಂತಿದ್ದು ಗಿಡ! ಬುಡದಿಂದ ತುದಿಯವರೆಗೆ ಮಗುವಿಗೆ ಹೊದಿಸಿದಂತೆ ಹೊದಿಸಿ, ಗಾಳಿಗೆ ಹಾರದ ಹಾಗೆ ಸೊಂಟಕ್ಕೆ ಹುರಿ ಕಟ್ಟಿತ್ತು.

"ಇದೇನ್ರೀ ಇದು!" ಬಾಮೈದ ಕೂಗಿದ. "ಮಂಜು ಕುಡಿಯೋ ಮರಕ್ಕೆ ಮಂಜು ತಾಗದಂಗೆ ಕಂಬಳಿ ಹೊದಿಸ್ಯಾರಲ್ಲ! ಭಾವ, ನೋಡ್ರಿ ಮೋಸ!"

"ಮೋಸ ಗೀಸ ಅನ್ಬ್ಯಾಡ್ರಿ" ಎಂದರು ಬೀಗರು, ಮೂಗು ಒರೆಸಿಕೊಂಡು. "ಕಾಲು ತೊಳಿಯಾಕೆ ಹೊರಗೆ ಬಂದಿದ್ದೆ. ಕಾವಳ ಸುರೀತಾ ಐತೆ. ಪರದೇಶದ ಗಿಡ, ಒಂಟಿಯಾಗಿ ನಿಂತು ಗಡಗಡ ಅಂತಿತ್ತು. ಎಳೇ ಮರೀನ ನಾವು ಹಂಗೆ ಚಳಿಗೆ ಬಿಡಲ್ಲ. ಪಂಥ ಪಂಥದ ಪಾಡಿಗಿರ್ಲಿ. ಗಿಡಕ್ಕೆ ಜ್ವರ ಬಂದ್ರೆ ಯಾರು ನೋಡೋರು?"

"ಮತ್ತೆ ನೀವು?"

"ನಾನು ಹಂಗೇ ಮಲಗಿದ್ದೆ" ಎಂದು ಇನ್ನೊಮ್ಮೆ ಸೀನಿದರು.

ಆಗ ನನ್ನ ಹೆಂಡತಿ ಬಗ್ಗಿ ನೋಡಿ, "ರೀ, ಬೋಗುಣೀಲಿ ನೀರೈತೆ!" ಎಂದಳು.

ನಿಜವಾಗಿಯೂ ನೀರಿತ್ತು. ಗುಟುಕೇನು, ಅರ್ಧ ಬೋಗುಣಿ. ಮಂಜು ಕುಡಿದು ನೆನೆದ ಕಂಬಳಿಯ ಅಂಚಿನಿಂದ ಇನ್ನೂ ತೊಟತೊಟ ಬೀಳುತ್ತಿತ್ತು. ಬಾಮೈದನ ಸಿಟ್ಟು ಅಲ್ಲಿಯೇ ತಿರುವು ತೆಗೆದುಕೊಂಡಿತು. "ಬಂತಲ್ಲ ನೀರು! ಮೋಸ ಅಂದದ್ದು ವಾಪಸ್ಸು. ಕುಡೀರಿ ಬೀಗ್ರೆ!"

ಬೀಗರು ಬೋಗುಣಿ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಬಾಯಲ್ಲಿ ಆಡಿಸಿ ಉಗುಳಿದರು.

"ಇದು ಮರದ ನೀರಲ್ಲ. ನಮ್ಮ ಕರೀ ಕುರಿ ಉಣ್ಣೆ ನೀರು. ಹೋದ ವರ್ಷ ಕತ್ತರಿಸಿದ್ದು."

ಪ್ರಕರಣ ನನ್ನ ಮುಂದೆ ಬಂತು. ಅಂಥ ಜಟಿಲ ವಿವಾದವನ್ನು ನಾನು ಸೇವೆಯಲ್ಲಿದ್ದಾಗಲೂ ಕಂಡಿರಲಿಲ್ಲ. ವಾದಿಗೆ ಅನುಕೂಲವಾದ ನೀರು ಪ್ರತಿವಾದಿಯ ಕಂಬಳಿಯಿಂದ ಬಂದಿದೆ. ಕಂಬಳಿಯನ್ನು ಹೊದಿಸಿದ್ದು ಕೆಡಿಸುವ ಉದ್ದೇಶದಿಂದಲ್ಲ, ಕರುಣೆಯಿಂದ. ಮರ ಹೊತ್ತು ನಿಲ್ಲದಿದ್ದರೆ ಕಂಬಳಿ ಅಲ್ಲಿರುತ್ತಿರಲಿಲ್ಲ. ಕಂಬಳಿ ಇಲ್ಲದಿದ್ದರೆ ಮರ ಏನು ಮಾಡುತ್ತಿತ್ತೋ ಗೊತ್ತಿಲ್ಲ. ನಾನು ಕನ್ನಡಕ ಒರೆಸಿಕೊಂಡು, ಮರುವಿಚಾರಣೆ ನಡೆಯತಕ್ಕದ್ದು, ಅಲ್ಲಿಯವರೆಗೆ ಕಂಬಳಿಯನ್ನು ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ, ನನ್ನ ವಶದಲ್ಲಿ ಇಡತಕ್ಕದ್ದು ಎಂದು ಹೇಳಿದೆ. ಬಿಸಿಲಿಗೆ ಒಣಗಿಸಿದ ಮುದ್ದೆಮಾಲನ್ನು ಹೊದ್ದು ಮಲಗಿದರೆ ಎಂಥ ನಿದ್ದೆ ಬರುತ್ತದೆಂದು ಅಂದೇ ತಿಳಿದದ್ದು. ಬೀಗರಿಗೆ ಬಾಮೈದ ತನ್ನ ಹಡಗಿನ ಕೋಟು ಕೊಟ್ಟ. ಅದನ್ನು ತೊಟ್ಟು, ರುಮಾಲು ಸುತ್ತಿ, ಅವರು ಹಿನ್ನೀರಿನ ದಂಡೆಯಲ್ಲಿ ಓಡಾಡುತ್ತಿದ್ದರೆ ಯಾವುದೋ ರಾಜ್ಯದ ನೌಕಾಪಡೆ ಮಾರಿಕಣಿವೆಗೆ ಬಂದು ಇಳಿದಂತಿತ್ತು.

ಮಾರನೆಯ ಬೆಳಗ್ಗೆ ಮಂಜು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಕಾಶ ಉಜ್ಜಿಟ್ಟ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ತಾಳ್ಯದಿಂದ ಬೀಗರ ತಾಯಿ ದಿನಕ್ಕೊಮ್ಮೆ ಫೋನು ಮಾಡಿ, "ಎಂದು ಬರ್ತೀಯಲಾ? ಅವರೆಕಾಯಿ ಬಿಡಿಸಾಕೆ ಜನ ಇಲ್ಲ" ಎನ್ನುತ್ತಿದ್ದರು. ಬಾಮೈದ ಊಟ ಕಡಿಮೆ ಮಾಡಿದ. ಸಂಜೆ ಹೊತ್ತು ಬೀಗರ ಹತ್ತಿರ ಕೂತು, ಇದೇ ಕೊನೆ ಎಂಬಂತೆ, ಇದ್ದಬದ್ದ ಹಡಗಿನ ಕತೆಗಳನ್ನೆಲ್ಲ ಹೇಳತೊಡಗಿದ. ಫಿಲಿಪ್ಪೀನ್ಸಿನ ಕ್ಯಾಪ್ಟನ್ನಿಗೆ ರಾಗಿಮುದ್ದೆ ಬಡಿಸಿದ್ದು, ಆತ ಅದನ್ನು ಅಗಿದು ಅಗಿದು ದವಡೆ ನೋವೆಂದು ರಜೆ ಹಾಕಿದ್ದು. "ನುಂಗ್ಬೇಕು ಅಂತ ಹೇಳಾದಲ್ವೇನ್ರಿ!" ಎಂದು ಬೀಗರು ಕೋಟಿನ ಗುಂಡಿ ಕಿತ್ತುಹೋಗುವಂತೆ ನಕ್ಕರು. ನಂಬಿ ನಕ್ಕರೋ ನಂಬದೆ ನಕ್ಕರೋ ತಿಳಿಯಲಿಲ್ಲ.

ಕೊನೆಗೊಂದು ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ಆಚೆ ಏನೂ ಇರಲಿಲ್ಲ. ಹುಣಸೆಯಿಲ್ಲ, ಹಿನ್ನೀರಿಲ್ಲ, ಗಾಳಿಯಂತ್ರಗಳಿಲ್ಲ. ಎಲ್ಲ ಬೆಳ್ಳಗೆ. ನಾವು ಒಬ್ಬರ ಹಿಂದೊಬ್ಬರು ಗಿಡದ ಕಡೆ ನಡೆದೆವು.

ಗಿಡ ಈ ಸಲ ಬರೀ ಮೈಯಲ್ಲಿ ನಿಂತಿತ್ತು. ಕೆಳಗಿನಿಂದ ನೂಕಿ ಬರುವ ಮಂಜು ಅದರ ಎಲೆಗಳ ನಡುವೆ ನುಸುಳಿ ಹೋಗುತ್ತಿತ್ತು. ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ ಕೂತು, ತೂಕವಾಗಿ, ಜಾರಿ, ಕೆಳಗಿನ ಎಲೆಗೆ ಬಿದ್ದು, ಅಲ್ಲಿಯದನ್ನೂ ಕರೆದುಕೊಂಡು ಇಳಿಯುತ್ತಿತ್ತು. ಟಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಪ್. ಸುತ್ತಲಿನ ದಾರಿಯ ಧೂಳು ಹಾಗೆಯೇ ಇತ್ತು. ಗಿಡದ ಬುಡ ಮಾತ್ರ ಗುಂಡಗೆ, ಯಾರೋ ಸಾರಿಸಿ ಹೋದಂತೆ ಒದ್ದೆಯಾಗಿತ್ತು.

ಬೋಗುಣಿಯ ತಳದಲ್ಲಿ ತೆಳ್ಳಗೆ ನೀರಿತ್ತು. ದೊಡ್ಡ ನೀರೇನಲ್ಲ, ಗುಬ್ಬಿ ಸ್ನಾನ ಮಾಡಲು ಯೋಚಿಸುವಷ್ಟು. ಬಾಮೈದ ಬೋಗುಣಿ ವಾಲಿಸಿ ಅದನ್ನು ಒಂದು ಬದಿಗೆ ತಂದು ಬೀಗರ ಕೈಗೆ ಕೊಟ್ಟ.

ಬೀಗರು ಬೋಗುಣಿ ಎತ್ತಿ ಕುಡಿದರು. ಈ ಸಲ ಉಗುಳಲಿಲ್ಲ. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ಗುಟುಕಾಯ್ತಾ ಬೀಗ್ರೆ?" ಎಂದು ನಾನು ವಿಧಿವತ್ತಾಗಿ ಕೇಳಿದೆ.

ಅವರು ಆಗಲಿಲ್ಲ ಎಂದರೆ ನಮ್ಮಲ್ಲಿ ಯಾರ ಹತ್ತಿರವೂ ಪುರಾವೆ ಇರಲಿಲ್ಲ. ಸಾಕ್ಷ್ಯವನ್ನು ಆಗಲೇ ನುಂಗಿಯಾಗಿತ್ತು. ಬಾಮೈದ ಅವರ ಮುಖವನ್ನೇ ನೋಡುತ್ತಿದ್ದ. ಬೀಗರು ಬೋಗುಣಿಯನ್ನು ಬೋರಲು ಹಾಕಿದರು.

"ಆಯ್ತು. ತಣ್ಣಗೈತೆ. ಸಿಹಿಯಾಗೈತೆ" ಎಂದು, ಗಿಡದ ಒಂದು ಎಲೆಯನ್ನು ಹೆಬ್ಬೆರಳಿನಿಂದ ಸವರಿದರು. "ನಡೀರಿ, ಕ್ಷೌರದಂಗಡಿಗೆ ಹೋಗಾಣ."

"ಬ್ಯಾಡ ಬಿಡ್ರಿ ಬೀಗ್ರೆ, ಒಪ್ಕಂಡ್ರಲ್ಲ, ಅಷ್ಟು ಸಾಕು" ಎಂದ ಬಾಮೈದ.

"ಮನೆದೇವರ ಮುಂದೆ ಆಡಿದ್ದು. ಮೀಸೆ ಇಲ್ಲದಿದ್ರೆ ಊಟ ಸೇರಲ್ವಾ? ನಡೀರಿ."

ಹೊಸದುರ್ಗದ ಅಂಗಡಿಯಲ್ಲಿ ಮೀಸೆ ಇಳಿಯಿತು. ಅದರ ಹಿಂದೆ ಇಷ್ಟು ವರ್ಷ ಒಬ್ಬ ನಾಚಿಕೆಯ ಮನುಷ್ಯ ಅಡಗಿದ್ದ ಎಂದು ನಮಗೆ ಆಗ ಗೊತ್ತಾಯಿತು. ಬೀಗರು ಕನ್ನಡಿ ನೋಡಿ, ಮೊದಲು ಅಲುಗಬೇಕಾದ್ದು ಇಲ್ಲದೆ ಮಾತು ಹೇಗೆ ಆರಂಭಿಸುವುದೆಂದು ತಿಳಿಯದೆ, ನಾನು ಮರಳಿಸಿದ ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಇಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ಆದರೆ ನಮ್ಮ ಸೀಮೆಯಲ್ಲಿ ವಯಸ್ಸಾದ ಗಂಡಸು ತಲೆ, ಮೀಸೆ ಎರಡನ್ನೂ ಬೋಳಿಸಿದರೆ ಅದಕ್ಕೆ ಒಂದೇ ಅರ್ಥ: ಹೆತ್ತವರು ತೀರಿಕೊಂಡಿದ್ದಾರೆ. ಇದು ಉಭಯ ಪಕ್ಷಗಳಿಗೂ, ನ್ಯಾಯಪೀಠಕ್ಕೂ ಹೊಳೆದಿರಲಿಲ್ಲ. ಬೀಗರು ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸುವಾಗ, ಮಧ್ಯಾಹ್ನದ ಬಿಸಿಲಿಗೆ ರುಮಾಲು ಬಿಚ್ಚಿ ಬೋಳುತಲೆ ಒರೆಸಿಕೊಂಡರಂತೆ. ಅದನ್ನು ತಾಳ್ಯದವರೊಬ್ಬರು ದೂರದಿಂದ ಕಂಡರು. ಹತ್ತಿರ ಹೋಗಿ ಕೇಳಲು ಮನಸ್ಸಾಗಲಿಲ್ಲ. ದುಃಖದಲ್ಲಿರುವವರನ್ನು ಏನೆಂದು ಕೇಳುವುದು? ಮೊಬೈಲು ತೆಗೆದರು. ಬಸ್ಸು ಹೊರಡುವ ಮೊದಲೇ ಬೀಗರ ತಾಯಿ ತೀರಿಕೊಂಡ ಸುದ್ದಿ ತಾಳ್ಯ ಮುಟ್ಟಿ, ಅಲ್ಲಿಂದ ಸುತ್ತಲ ಹಟ್ಟಿಗಳಿಗೆ ಹೊರಟಿತ್ತು.

ಬೀಗರು ಮನೆ ತಲುಪಿದಾಗ ಅಂಗಳದ ತುಂಬ ಜನ. ಜಗುಲಿಯ ಮೇಲೆ ಅವರ ತಾಯಿ ಅವರೆಕಾಯಿ ಬಿಡಿಸುತ್ತಾ, ಬಂದವರನ್ನೆಲ್ಲ "ಕುಂತ್ಕಳ್ರಿ, ಬಂದಿರೋರು ಸುಮ್ಕೆ ಕುಂತ್ಕಬ್ಯಾಡ್ರಿ, ಒಂದೊಂದು ಹಿಡಿ ತಗಳ್ರಿ" ಎಂದು ಕೆಲಸಕ್ಕೆ ಹಚ್ಚಿದ್ದರು. ಅಳಲು ಬಂದವರು ಯಾರಿಗಾಗಿ ಅಳಬೇಕೆಂದು ತಿಳಿಯದೆ ಕಾಯಿ ಬಿಡಿಸುತ್ತಿದ್ದರು. ನೆಂಟರೊಬ್ಬರು ದೊಡ್ಡ ಹೂವಿನ ಹಾರವನ್ನು ಬೆನ್ನ ಹಿಂದೆ ಮುಚ್ಚಿ ಹಿಡಿದುಕೊಂಡಿದ್ದರು. ಅದನ್ನು ಹಿಂದಿನಿಂದ ಬಂದ ಟಗರು ನಿಧಾನವಾಗಿ ತಿನ್ನುತ್ತಿತ್ತು.

ಮಗನ ಮುಖ ನೋಡಿದ್ದೇ ಮುದುಕಿಗೆ ಎಲ್ಲ ಅರ್ಥವಾಯಿತು.

"ಲೇ, ನಾನಿನ್ನೂ ಗಟ್ಟಿಮುಟ್ಟಾಗಿ ಕುಂತೀನಿ! ಅಷ್ಟು ಅವಸರ ಏನಿತ್ತಲಾ ನಿಂಗೆ?"

ಬೀಗರು ನಡೆದದ್ದನ್ನೆಲ್ಲ ಹೇಳಿದರು. ಹಡಗು, ದ್ವೀಪ, ಮಂಜು, ಮರ, ಬೋಗುಣಿ. ಹೇಳುತ್ತಾ ಹೇಳುತ್ತಾ ಎದುರಿನ ಮುಖಗಳಲ್ಲಿ ಒಂದು ನಗು ಏಳುವುದು ಅವರಿಗೆ ಕಂಡಿತು. ಆ ನಗು ಅವರಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಅಷ್ಟು ವರ್ಷ ಅದನ್ನು ನಕ್ಕವರು ಅವರೇ. "ಮರ ನೀರು ಕೊಡ್ತಂತೆ!" ಎಂದು ಹೂವಿನ ಹಾರ ತಂದಿದ್ದ ನೆಂಟರು ಪಕ್ಕದವರನ್ನು ತಿವಿದರು. "ಯಜಮಾನ್ರಿಗೂ ಹಡಗು ಹತ್ತಿತು ಬಿಡ್ರಿ."

ಆ ಸಂಜೆ ಬಾಮೈದನಿಗೆ ಫೋನು ಬಂತು. "ಬೀಗ್ರೆ, ನಾಳೆ ಮೊದಲ್ನೇ ಬಸ್ಸಿಗೆ ಬರ್ರಿ. ಶಿರಸ್ತೇದಾರ್ರನ್ನೂ ಕರ್ಕಂಡು ಬರ್ರಿ. ಇಲ್ಲಿ ನನ್ನ ಮಾತು ಯಾರೂ ನಂಬ್ತಿಲ್ಲ."

ಇಂಥ ಸಮನ್ಸು ಬಂದ ಮೇಲೆ ಹಾಜರಾಗದೆ ಇರಲಾದೀತೇ? ನನ್ನ ಹೆಂಡತಿಯೂ ಸೇರಿ ನಾವು ಮೂವರೂ ಹೋದೆವು. ಅಂಗಳದಲ್ಲಿ ಹಿಂದಿನ ದಿನದಷ್ಟೇ ಜನರಿದ್ದರು. ಸಾವಿನ ಸುದ್ದಿ ಸುಳ್ಳಾದರೂ ಅವರೆಕಾಯಿ ಇನ್ನೂ ಉಳಿದಿತ್ತು. ಬೀಗರು ತಮ್ಮ ಕರೀ ಕಂಬಳಿಯನ್ನು ಜಗುಲಿಯ ಮೇಲೆ ಹಾಸಿ ಬಾಮೈದನನ್ನು ಅದರ ಮೇಲೆ ಕೂರಿಸಿದರು. ಊರಿಗೆ ಬಂದ ಮೇಲೆ ಅವನ ಮಾತು ಕೇಳಲೆಂದು ಯಾರಾದರೂ ಹಾಸಿಗೆ ಹಾಸಿದ್ದು ಅದೇ ಮೊದಲು. ಅವನು ಅಂಚಿನಲ್ಲಿ ಕೂತು, ಎಲ್ಲಿಂದ ಆರಂಭಿಸುವುದೆಂದು ತಿಳಿಯದೆ ನನ್ನ ಮುಖ ನೋಡಿದ.

ಮುದುಕಿ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ನನ್ನ ಮಗ ಅವರಪ್ಪ ಸತ್ತಾಗ್ಲೂ ಅತ್ತು ಅತ್ತು ಮೀಸೆ ಕೊಟ್ಟವನು. ಅಂಥೋನು ಒಂದು ಗುಟುಕು ನೀರಿಗೆ ಕೊಟ್ಟಾನೆ ಅಂದ್ರೆ ಅದ್ರಾಗೆ ಏನೋ ಐತೆ. ನೀನು ಹೇಳಪ್ಪ. ಮರದಿಂದ ಬ್ಯಾಡ, ಹಡಗು ಹತ್ತಿದ ದಿನದಿಂದ ಹೇಳು. ಬುಟ್ಟಿ ತುಂಬೋವರ್ಗೂ ಹೊತ್ತೈತೆ."

ಅವನು ಹೇಳಲು ಶುರುಮಾಡಿದ. ಮೊದಲ ಬುಟ್ಟಿ ತುಂಬಿ ಎರಡನೆಯದಕ್ಕೆ ಬಂದಾಗ ಹಡಗು ತಾರೀಖಿನ ಗೆರೆ ದಾಟಿ, ಒಂದೇ ವಾರದಲ್ಲಿ ಎರಡು ಮಂಗಳವಾರ ಬಂದವು. ಹಾರ ತಂದಿದ್ದ ನೆಂಟರು ಕಿಸಕ್ಕೆಂದರು. ಬಾಮೈದ ಮಾತು ನಿಲ್ಲಿಸಿದ.

ಬೀಗರು ಎದ್ದು ನಿಂತರು. ಬರಿದಾದ ಮೇಲ್ತುಟಿಯನ್ನು ಬೆರಳಿನಿಂದ ಒಮ್ಮೆ ಸವರಿಕೊಂಡರು.

"ಯಾರ್ರೀ ಅದು ನಕ್ಕಿದ್ದು? ಎರಡು ಮಂಗಳವಾರ ಬರಲ್ಲ ಅನ್ನೋರು ಮುಂದೆ ಬರ್ರಿ, ಪಂಥ ಕಟ್ಟಾಣ. ಆದ್ರೆ ಮೀಸೆ ಇರೋರೇ ಬರ್ಬೇಕು."

ಅಂಗಳದಲ್ಲಿದ್ದ ಗಂಡಸರ ಕೈಗಳೆಲ್ಲ ಒಂದೇ ಸಲ ತಂತಮ್ಮ ಮೂಗಿನ ಕೆಳಗೆ ಹೋದವು. ಯಾರೂ ಮುಂದೆ ಬರಲಿಲ್ಲ. ಟಗರು ಮಾತ್ರ ಉಳಿದಿದ್ದ ಹೂವಿಗಾಗಿ ಒಂದು ಹೆಜ್ಜೆ ಬಂದು, ಬೀಗರ ಮುಖ ನೋಡಿ ನಿಂತಿತು.

"ಹೂಂ" ಎಂದರು ಬೀಗರು, ಕೂತುಕೊಳ್ಳುತ್ತಾ. "ನೀವು ಹೇಳ್ರಿ ಬೀಗ್ರೆ. ಎರಡನೇ ಮಂಗಳವಾರ ಏನು ಅಡುಗೆ ಮಾಡಿದ್ರಿ?"